ರೇಖಾಗಣಿತ ಮತ್ತು ಆಕಾಶದ ಗುಟ್ಟು

“ರೇಖಾಗಣಿತ ಕಲಿತು ಹೆಣ್ಣುಮಕ್ಕಳಿಗೆ ಏನಾಗಬೇಕು?” ಎಂಬ ಮಾತು ನಮ್ಮ ಮನೆಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಆಕಾಶದ ದೊಡ್ಡ ಗುಟ್ಟನ್ನು ಬಿಡಿಸಿದ್ದೇ ಆ ವಿದ್ಯೆ.

ದುಂಡನೆಯ ಕಲ್ಲಂಗಡಿಯ ನಡುವಿನಿಂದ ಎರಡು ಇರುವೆಗಳು ಅಕ್ಕಪಕ್ಕ ಹೊರಟು, ಎಡಬಲ ತಿರುಗದೆ ನೇರವಾಗಿ ತೊಟ್ಟಿನತ್ತ ನಡೆಯಲಿ. ತೊಟ್ಟಿನ ಬಳಿ ಅವು ಸಂಧಿಸುತ್ತವೆ. ಅವನ್ನು ಯಾರೂ ಎಳೆಯಲಿಲ್ಲ. ಹಣ್ಣಿನ ಬಾಗು ಕೂಡಿಸಿತು. ಗುರುತ್ವವೂ ಹೀಗೆಯೇ, ದ್ರವ್ಯವಿರುವಲ್ಲಿ ದೇಶ-ಕಾಲವೇ ಬಾಗುತ್ತದೆ ಎಂದು ಐನ್‌ಸ್ಟೈನ್ 1915ರಲ್ಲಿ ತಿಳಿಸಿದರು. ಬಾಗನ್ನು ಅಳೆಯುವ ಗಣಿತವನ್ನು ಜರ್ಮನಿಯ ರೀಮಾನ್ 1854ರಲ್ಲೇ ಮುಂದಿಟ್ಟಿದ್ದರು.

ಈ ಬಾಗು ಮಿತಿಮೀರಿ, ಬೆಳಕೂ ಹೊರಬರಲಾಗದ ತಾಣವೇ ಕಪ್ಪುಕುಳಿ. ಅದನ್ನು ಕದಡಿದರೆ ಏನಾಗುತ್ತದೆ? ನಮ್ಮ ಬೆಂಗಳೂರಿನವರೇ ಆದ ಸಿ.ವಿ. ವಿಶ್ವೇಶ್ವರ 1970ರಲ್ಲಿ ಲೆಕ್ಕ ಹಾಕಿ ತೋರಿಸಿದರು: ಬಡಿದ ಗಂಟೆಯ ನಾದದಂತೆ ಅಲೆಗಳನ್ನು ಹೊಮ್ಮಿಸಿ ಅದು ಬೇಗನೆ ಶಾಂತವಾಗುತ್ತದೆ. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೋ ಉಪಕರಣಗಳು ಎರಡು ಕಪ್ಪುಕುಳಿಗಳು ಕೂಡಿದಾಗ ಎದ್ದ ಅಲೆಗಳನ್ನು ಗುರುತಿಸಿದವು. ಕೊನೆಯಲ್ಲಿ ಅವು ಅಡಗಿದ ರೀತಿ ಆ ಲೆಕ್ಕಕ್ಕೆ ಹೊಂದುವಂತಿತ್ತು. 2017ರಲ್ಲಿ ತೀರಿಕೊಂಡ ಅವರಿಗೆ ಇದನ್ನು ಕಾಣುವ ಭಾಗ್ಯ ದೊರೆಯಿತು.

ಅವರು ಸ್ಥಾಪಕ ನಿರ್ದೇಶಕರಾಗಿದ್ದ ನೆಹರೂ ತಾರಾಲಯ ಹೈಗ್ರೌಂಡ್ಸ್‌ನಲ್ಲಿದೆ. ರಾಜಾಜಿನಗರ, ವಿಜಯನಗರ, ಕೆಂಗೇರಿಯ ತಾಯಂದಿರೇ, ರಜೆಯಲ್ಲಿ ಮಗನೊಂದಿಗೆ ಮಗಳನ್ನೂ ಅಲ್ಲಿಗೆ ಕರೆದೊಯ್ಯಿರಿ. ಅವಳ ಕೈಯಿಂದ ಕೈವಾರ ಕಸಿಯಬೇಡಿ.