ಮೆಶ್‌ಗೆ ದಪ್ಪ ಬರುವ ಬಗೆ

ಮೆಕ್ಸಿಕೋ ನಗರದ ಸೋಚಿಮಿಲ್ಕೊದಲ್ಲಿ ಫೆಲಿಕ್ಸ್ ಕ್ಯಾಂಡೆಲಾ 1958ರಲ್ಲಿ ಕಟ್ಟಿದ ಲಾಸ್ ಮನಂತಿಯಾಲೆಸ್ ರೆಸ್ಟೋರೆಂಟಿನ ಕಾಂಕ್ರೀಟ್ ಚಾವಣಿ ಬರೀ 4 ಸೆಂಟಿಮೀಟರ್ ದಪ್ಪ. ಅದನ್ನೇ ಇಂದು ಕಂಪ್ಯೂಟರಿನಲ್ಲಿ ಮೆಶ್ ಆಗಿ ರಚಿಸಿದರೆ ಆ 4 ಸೆಂಟಿಮೀಟರೂ ಇರುವುದಿಲ್ಲ. ಮೆಶ್‌ನಲ್ಲಿರುವುದು ಬಿಂದುಗಳು, ಅವನ್ನು ಕೂಡಿಸುವ ಅಂಚುಗಳು, ಅಂಚುಗಳ ನಡುವಿನ ತ್ರಿಕೋನ ಅಥವಾ ಚತುರ್ಭುಜ ಮುಖಗಳು ಮಾತ್ರ. ತೆರೆಯ ಮೇಲೆ ಎಷ್ಟೇ ಗಟ್ಟಿಯಾಗಿ ಕಂಡರೂ ಅಡ್ಡಲಾಗಿ ಕೊಯ್ದರೆ ಸಿಗುವುದು ಒಂದು ಗೆರೆ. ಕಾಂಕ್ರೀಟ್ ಎಷ್ಟು ಬೇಕೆಂದು ಅದರಿಂದ ಲೆಕ್ಕ ಹಾಕಲಾಗದು, ತ್ರೀಡಿ ಪ್ರಿಂಟರ್‌ಗೂ ಅದು ಸಲ್ಲದು.

ದಪ್ಪ ಕೊಡುವ ಉಪಾಯ ಕೇಳಲು ಸರಳ. ಮೆಶ್‌ನ ಪ್ರತಿ ಬಿಂದುವನ್ನು ಮೇಲ್ಮೈಗೆ ಲಂಬವಾಗಿ ಸರಿಸಿ ಇನ್ನೊಂದು ಪದರ ಮಾಡಿ, ಎರಡು ಪದರಗಳ ತೆರೆದ ಅಂಚುಗಳನ್ನು ಮುಚ್ಚಿದರಾಯಿತು. ತೊಡಕು ಮೂಲೆಗಳಲ್ಲಿದೆ. ಒಂದು ಘನದ ಮೂಲೆಯಲ್ಲಿ ಮೂರು ಮುಖಗಳು ಕೂಡುತ್ತವೆ, ಮೂರರ ಲಂಬಗಳೂ ಬೇರೆ ಬೇರೆ ದಿಕ್ಕಿಗೆ. ಅವುಗಳ ಸರಾಸರಿ ದಿಕ್ಕಿನಲ್ಲಿ ಮೂಲೆಯನ್ನು 10 ಸೆಂಟಿಮೀಟರ್ ಸರಿಸಿದರೆ ಗೋಡೆಗೆ ಸಿಗುವ ದಪ್ಪ ಸುಮಾರು 5.8 ಸೆಂಟಿಮೀಟರ್ ಮಾತ್ರ. ಪೂರಾ 10 ಬೇಕಿದ್ದರೆ ಮೂಲೆ 17.3 ಸೆಂಟಿಮೀಟರ್ ಸರಿಯಬೇಕು. ಬ್ಲೆಂಡರ್ ಎಂಬ ತ್ರೀಡಿ ಸಾಫ್ಟ್‌ವೇರಿನ, ದಪ್ಪ ಕೊಡುವ ಸಾಲಿಡಿಫೈ ಮಾಡಿಫೈಯರ್‌ನಲ್ಲಿ 'ಈವನ್ ಥಿಕ್‌ನೆಸ್' ಎಂಬ ಆಯ್ಕೆ ಇರುವುದು ಈ ಕೊರತೆಯನ್ನು ತುಂಬಲಿಕ್ಕೆ.

ಮೂರು ಮುಖಗಳಾದರೆ ಲೆಕ್ಕ ಕೂಡುತ್ತದೆ, ಏಕೆಂದರೆ ಮೂರು ಸಮತಲಗಳನ್ನು ಒಂದೇ ಅಳತೆಯಷ್ಟು ಸರಿಸಿದರೂ ಅವು ಮತ್ತೆ ಒಂದು ಬಿಂದುವಿನಲ್ಲಿ ಸೇರುತ್ತವೆ. ನಾಲ್ಕಾದರೆ ಆ ಭರವಸೆಯಿಲ್ಲ. ಆಗ ಸಾಫ್ಟ್‌ವೇರ್ ಎಲ್ಲೋ ಒಂದು ಕಡೆ ರಾಜಿ ಮಾಡಿಕೊಳ್ಳುತ್ತದೆ, ಒಂದು ಮುಖ ತುಸು ತೆಳುವಾಗುತ್ತದೆ, ಇನ್ನೊಂದು ತಿರುಚಿಕೊಳ್ಳುತ್ತದೆ. ಗಾಜಿನ ಹಲಗೆ ಕೂರಿಸಬೇಕಾದವರಿಗೆ ಆ ತಿರುಚು ಸಣ್ಣ ಸಂಗತಿಯಲ್ಲ. ಗಣಿತಜ್ಞ ಹೆಲ್ಮುಟ್ ಪಾಟ್‌ಮನ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಶಂಕುವಿನಾಕಾರದ ಮೆಶ್‌ಗಳ ಅಧ್ಯಯನ ಇದಕ್ಕೊಂದು ದಾರಿ ತೋರಿಸಿತು. ಬಿಂದುವಿನ ಸುತ್ತಲಿನ ನಾಲ್ಕು ಕೋನಗಳಲ್ಲಿ ಎದುರುಬದುರಿನ ಎರಡರ ಮೊತ್ತ ಉಳಿದೆರಡರ ಮೊತ್ತಕ್ಕೆ ಸಮವಾಗಿದ್ದರೆ, ಆ ನಾಲ್ಕು ಸಮತಲಗಳು ಒಂದೇ ಅಳತೆಯಲ್ಲಿ ಎಷ್ಟು ಸರಿದರೂ ಒಂದೆಡೆ ಸೇರುತ್ತವೆ. ಇಡೀ ಮೆಶ್‌ಗೆ ಈ ಗುಣವಿದ್ದರೆ ದಪ್ಪ ಎಲ್ಲೆಡೆ ಸಮ. ಇಷ್ಟು ಸಣ್ಣ ಷರತ್ತಿನಲ್ಲಿ ಇಷ್ಟು ದೊಡ್ಡ ಅನುಕೂಲ ಅಡಗಿರುವುದು ನನಗೆ ಈ ವಿಷಯದ ಅತ್ಯಂತ ಚೆಂದದ ಭಾಗ.

ಇನ್ನು ತಿದ್ದುವ ಮಾತು. ದಪ್ಪವನ್ನು ಒಮ್ಮೆ ಜ್ಯಾಮಿತಿಯಾಗಿ ಗಟ್ಟಿಮಾಡಿಬಿಟ್ಟರೆ ಬಿಂದುಗಳ ಸಂಖ್ಯೆ ಇಮ್ಮಡಿಯಾಗುತ್ತದೆ, ಮೂಲ ಮೇಲ್ಮೈ ಯಾವುದೆಂದು ಗುರುತು ಹಿಡಿಯುವುದೇ ಕಷ್ಟ. ಆಮೇಲೆ ಎಂಜಿನಿಯರ್ 10 ಬೇಡ, 12 ಸೆಂಟಿಮೀಟರ್ ಇರಲಿ ಎಂದರೆ ಮೊದಲಿನಿಂದ ಶುರು. ಆದ್ದರಿಂದ ಮೇಲ್ಮೈಯನ್ನು ಹಾಗೇ ಉಳಿಸಿ, ದಪ್ಪವನ್ನು ಅದರ ಮೇಲೆ ಕೂತ ಒಂದು ಸಂಖ್ಯೆಯಾಗಿ ಇಡುವುದೇ ಸರಿಯಾದ ಕ್ರಮ. ಸಾಲಿಡಿಫೈ ಮಾಡುವುದು ಇದನ್ನೇ. ರೈನೋ ಎಂಬ ಇನ್ನೊಂದು ಸಾಫ್ಟ್‌ವೇರಿನಲ್ಲಿ ಅದರ ಗ್ರಾಸ್‌ಹಾಪರ್ ಉಪಕರಣದ ಮೂಲಕ ಇದೇ ಏರ್ಪಾಡು ಮಾಡಿಕೊಳ್ಳಬಹುದು. ಕಟ್ಟಡ ವಿನ್ಯಾಸದ ಸಾಫ್ಟ್‌ವೇರ್ ಆರ್ಕಿಕ್ಯಾಡ್‌ನ ಶೆಲ್ ಉಪಕರಣದಲ್ಲಿ ದಪ್ಪ ಆ ಅಂಗದ್ದೇ ಒಂದು ಗುಣ, ಆದರೆ ಅದು ಎಲ್ಲ ಬಗೆಯ ಮುಕ್ತ ಆಕಾರಗಳಿಗೂ ಒಗ್ಗುವುದಿಲ್ಲ.

ದಪ್ಪ ಯಾವ ಕಡೆಗೆ ಬೆಳೆಯಬೇಕೆಂಬುದನ್ನೂ ಮೊದಲೇ ತೀರ್ಮಾನಿಸಬೇಕು. ಬ್ಲೆಂಡರ್‌ನಲ್ಲಿ ಆಫ್‌ಸೆಟ್ -1 ಇದ್ದರೆ ಒಳಕ್ಕೆ, 1 ಇದ್ದರೆ ಹೊರಕ್ಕೆ, 0 ಇದ್ದರೆ ಎರಡೂ ಕಡೆಗೆ ಸಮವಾಗಿ. ಕೆಲವು ಮುಖಗಳ ಲಂಬ ಉಲ್ಟಾ ಇದ್ದರೆ ಅಲ್ಲಿ ದಪ್ಪ ತದ್ವಿರುದ್ಧ ದಿಕ್ಕಿಗೆ ಚಾಚುತ್ತದೆ; ಮೊದಲು ಅವನ್ನೆಲ್ಲ ಒಂದೇ ಕಡೆಗೆ ತಿರುಗಿಸಿಕೊಳ್ಳಿ. ಬಾಗಿನ ತ್ರಿಜ್ಯ 8 ಸೆಂಟಿಮೀಟರ್ ಇರುವಲ್ಲಿ ಒಳಮುಖವಾಗಿ 10 ಸೆಂಟಿಮೀಟರ್ ದಪ್ಪ ಕೇಳಿದರೆ ಒಳಪದರ ತನ್ನನ್ನೇ ದಾಟಿ ಮಡಚಿಕೊಳ್ಳುತ್ತದೆ. ಅಂಥಲ್ಲಿ ಬಾಗನ್ನು ಸಡಿಲಿಸಬೇಕು, ಇಲ್ಲವೇ ದಪ್ಪವನ್ನು ಹೊರಮುಖವಾಗಿಸಬೇಕು.