ಎಳ್ಳಮಾವಾಸ್ಯೆಗೆ ಏಳದ ಗಾಡಿ

ಸಜ್ಜಿರೊಟ್ಟಿ, ಶೇಂಗಾ ಹೋಳಿಗೆ, ಪುಂಡಿಪಲ್ಯೆ, ಎಣ್ಣೆಗಾಯಿ ಎಲ್ಲ ಬುಟ್ಟಿ ತುಂಬಿ, ಮನೆಮಂದಿ ಗಾಡಿಯಲ್ಲಿ ಕೂತಾಗಿತ್ತು. ಸಿಂದಗಿ ಹತ್ತಿರದ ಹೊಲಕ್ಕೆ ಚರಗ ಚೆಲ್ಲಲು ಹೊರಟಿದ್ದೆವು. ಕೀಲಿ ತಿರುವಿದರೆ ‘ಟಕ್’ ಅಂತ ಒಂದೇ ಸದ್ದು. ಮುಂದಿನ ದೀಪಗಳೂ ಮಂಕಾದವು. ಓಣಿಯ ಹುಡುಗರು ತಳ್ಳಿ ಸ್ಟಾರ್ಟ್ ಮಾಡಿಕೊಟ್ಟರು, ಹಬ್ಬ ತಪ್ಪಲಿಲ್ಲ. ಆದರೆ ಆ ಬ್ಯಾಟರಿ ಹಾಕಿಸಿ ಎಂಟೇ ತಿಂಗಳಾಗಿತ್ತು. ಅದರ ಹಿಂದಿನದು ಒಂದೂವರೆ ವರ್ಷಕ್ಕೇ ಕೂತಿತ್ತು.

ಗಾಡಿ ಏಳದಿದ್ದರೆ ನಮ್ಮ ಕಡೆ ಮೊದಲ ಮಾತೇ ‘ಬ್ಯಾಟರಿ ಹೋಗೇತ್ರಿ, ಹೊಸಾದು ಹಾಕ್ರಿ’. ನಾಲ್ಕೈದು ಸಾವಿರ ಕೈಬಿಡುತ್ತದೆ, ರೋಗ ಮಾತ್ರ ಗಾಡಿಯಲ್ಲೇ ಉಳಿಯುತ್ತದೆ. ಹಳೆಯ ಕಾರನ್ನು ಜತನದಿಂದ ಇಟ್ಟುಕೊಂಡವರ ಹಣ ಹೀಗೆ ಪೋಲಾಗುವುದನ್ನು ನೋಡಿ ನನಗೆ ನಿಜವಾಗಿ ಸಂಕಟವಾಗುತ್ತದೆ. ಬದಲಿಸುವ ಮೊದಲು ಅಳೆಯಬೇಕು.

ನಮ್ಮ ಬಿಸಿಲಿನ ಪಾಲೂ ಇದರಲ್ಲಿದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಯಾವ ಊರಿಗೇ ಹೋಗಿ, ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಹೊಸದಲ್ಲ. ಬಾನೆಟ್ ಒಳಗಿನ ಕಾವು ಅದಕ್ಕಿಂತ ಎಷ್ಟೋ ಹೆಚ್ಚು. ಬ್ಯಾಟರಿಯ ಕಾವು 10 ಡಿಗ್ರಿ ಏರಿದರೆ ಆಯುಷ್ಯ ಹೆಚ್ಚುಕಡಿಮೆ ಅರ್ಧವಾಗುತ್ತದೆ ಎನ್ನುವುದು ಬಲ್ಲವರ ಲೆಕ್ಕ. ನೀರು ಆರುತ್ತದೆ, ಒಳಗಿನ ಸೀಸದ ಜಾಲರಿ ಸವೆಯುತ್ತದೆ. ಆದರೂ ಬೇಸಿಗೆಯಲ್ಲಿ ಎಂಜಿನ್ ಆಯಿಲ್ ತೆಳ್ಳಗಿರುವುದರಿಂದ ಸೊರಗಿದ ಬ್ಯಾಟರಿಯೂ ಹೇಗೋ ಸೆಲ್ಫ್ ಹೊಡೆಯುತ್ತದೆ. ಡಿಸೆಂಬರ್ ಚಳಿಗೆ ಆಯಿಲ್ ಗಟ್ಟಿಯಾದಾಗ ಕೈಯೆತ್ತುತ್ತದೆ. ಪೆಟ್ಟು ಬಿದ್ದದ್ದು ಮೇನಲ್ಲಿ, ಗೊತ್ತಾಗುವುದು ಎಳ್ಳಮಾವಾಸ್ಯೆಗೆ. ಮುಚ್ಚಳವಿರುವ ಬ್ಯಾಟರಿಯಾದರೆ ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ತೆರೆದು ನೋಡಿ ಡಿಸ್ಟಿಲ್ಡ್ ವಾಟರ್ ಹಾಕಬೇಕು. ಬೋರಿನ ನೀರು ಬೇಡವೇ ಬೇಡ. ಅದರ ಲವಣಗಳು ಪ್ಲೇಟುಗಳನ್ನು ತಿನ್ನುತ್ತವೆ.

ಇನ್ನೊಂದು ಮಾತು. ಇಂಡಿಯಿಂದ ನಿಂಬೆಹಣ್ಣು ಹೇರಿಕೊಂಡು ವಿಜಯಪುರಕ್ಕೆ ಓಡಾಡುವ ಗಾಡಿಯ ಬ್ಯಾಟರಿ ದಾರಿಯುದ್ದಕ್ಕೂ ತುಂಬಿಕೊಳ್ಳುತ್ತದೆ. ಮದುವೆ, ಜಾತ್ರೆಗೆ ಮಾತ್ರ ಹೊರಬೀಳುವ ಮನೆಯ ಕಾರಿನದು ಉಪವಾಸ ಬೀಳುತ್ತದೆ. ಬಹಳ ದಿನ ಅರೆಬರೆ ಚಾರ್ಜಿನಲ್ಲೇ ನಿಂತ ಬ್ಯಾಟರಿಯ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಪೂರಾ ತುಂಬುವುದಿಲ್ಲ.

ಅಳೆಯಲು ಬೇಕಾದದ್ದು ಕೆಲವೇ ನೂರು ರೂಪಾಯಿಯ ಒಂದು ಮಲ್ಟಿಮೀಟರ್. ಬೆಳಿಗ್ಗೆ, ಗಾಡಿ ಸ್ಟಾರ್ಟ್ ಮಾಡುವ ಮೊದಲು ನೋಡಿ. 12.6 ವೋಲ್ಟ್ ಇದ್ದರೆ ಬ್ಯಾಟರಿ ತುಂಬಿದೆ, 12.2 ಇದ್ದರೆ ಅರ್ಧ, 12ಕ್ಕಿಂತ ಕೆಳಗಿದ್ದರೆ ಬರಿದು. ಎಂಜಿನ್ ಓಡುವಾಗ 13.8ರಿಂದ 14.5ರ ನಡುವೆ ಬರಬೇಕು. ಓಡುವಾಗಲೂ 12ರ ಆಸುಪಾಸಿನಲ್ಲೇ ನಿಂತರೆ ತಪ್ಪು ಬ್ಯಾಟರಿಯದಲ್ಲ, ಡೈನಮೋ (ಆಲ್ಟರ್ನೇಟರ್) ಕಡೆಯದು. ಅದಕ್ಕೂ ಕೂಡಲೇ ಡೈನಮೋ ಬಿಚ್ಚಿಸಬೇಡಿ. ಬೆಲ್ಟ್ ಸಡಿಲಾಗಿರಬಹುದು, ಕಾರ್ಬನ್ ಬ್ರಷ್ ಸವೆದಿರಬಹುದು. ಕೀಲಿ ಆನ್ ಮಾಡಿದಾಗ ಚಾರ್ಜಿಂಗ್ ದೀಪ ಹತ್ತುತ್ತದೆಯೇ ನೋಡಿ. ಎಷ್ಟೋ ಹಳೆಯ ಗಾಡಿಗಳಲ್ಲಿ ಡೈನಮೋ ಎಚ್ಚರವಾಗಲು ಬೇಕಾದ ಮೊದಲ ಕರೆಂಟು ಹೋಗುವುದೇ ಆ ಪುಟ್ಟ ಬಲ್ಬಿನ ಮೂಲಕ. ಬಲ್ಬ್ ಸುಟ್ಟರೆ ಒಳ್ಳೆಯ ಡೈನಮೋ ಕೂಡ ಸುಮ್ಮನೆ ತಿರುಗುತ್ತಿರುತ್ತದೆ.

ಟರ್ಮಿನಲ್ಲಿಗೆ ಹತ್ತಿದ ಬಿಳಿ-ಹಸಿರು ಪುಡಿಯನ್ನು ಸೋಡಾಪುಡಿಯ ಬಿಸಿನೀರಿನಿಂದ ತೊಳೆದು, ಬಿಗಿ ಮಾಡಿ, ಮೇಲೆ ವ್ಯಾಸಲಿನ್ ಸವರಿ. ಮುದ್ದೇಬಿಹಾಳ-ತಾಳಿಕೋಟೆ ಕಡೆಯ ಕರಿಮಣ್ಣಿನ ಧೂಳು ಬ್ಯಾಟರಿಯ ನೆತ್ತಿಯ ಮೇಲೆ ಕೂತು ತೇವವಾದರೆ ಅದರೊಳಗಿಂದಲೇ ಕರೆಂಟು ಸೋರುತ್ತದೆ. ಅರ್ಥಿಂಗ್ ವೈರನ್ನಂತೂ ಯಾರೂ ಕಣ್ಣೆತ್ತಿ ನೋಡುವುದಿಲ್ಲ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಎಂಜಿನ್ ಮೈಗೆ ಹಿಡಿದು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ರೋಗ ಅಲ್ಲೇ ಇದೆ.

ಒಂದು ರೂಢಿಯನ್ನು ಮಾತ್ರ ದಯವಿಟ್ಟು ಬಿಡಿ. ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿ ವೈರ್ ಕಿತ್ತು ‘ಗಾಡಿ ಬಂದ್ ಆಗಲಿಲ್ಲ, ಡೈನಮೋ ಚಲೋ ಐತಿ’ ಎನ್ನುವ ಪರೀಕ್ಷೆ. ಆ ಕ್ಷಣ ವೋಲ್ಟೇಜ್ ಹಾರಿ ಡೈನಮೋದ ಡಯೋಡ್ ಸುಡಬಹುದು, ಕಂಪ್ಯೂಟರ್ ಇರುವ ಗಾಡಿಯಾದರೆ ಅದೂ ಸುಟ್ಟೀತು.

ನನ್ನ ಗಾಡಿಯಲ್ಲಿ ಓಡುವಾಗ 14.1 ಬರುತ್ತಿತ್ತು. ಡೈನಮೋ ಸರಿಯಿತ್ತು. ಚಾರ್ಜ್ ಮಾಡಿಸಿ ನಿಲ್ಲಿಸಿದ ಭಾನುವಾರ 12.6 ಇದ್ದದ್ದು ಮಂಗಳವಾರಕ್ಕೆ 12.1 ಆಗಿತ್ತು. ಅಂದರೆ ಗಾಡಿ ನಿಂತಾಗ ಯಾರೋ ಕುಡಿಯುತ್ತಿದ್ದರು. ಬಾಗಿಲು ಮುಚ್ಚಿ, ಕೀಲಿ ತೆಗೆದು, ಮೈನಸ್ ವೈರ್ ಬಿಚ್ಚಿ, ಆ ವೈರಿಗೂ ಬ್ಯಾಟರಿಗೂ ನಡುವೆ 10 ಆಂಪಿಯರ್ ಸೆಟ್ಟಿಂಗಿನಲ್ಲಿ ಮೀಟರ್ ಜೋಡಿಸಿದೆ. ಹೀಗೆ ಜೋಡಿಸಿದಾಗ ಸೆಲ್ಫ್ ಹೊಡೆಯಬಾರದು, ಮೀಟರ್ ಸುಡುತ್ತದೆ. 50 ಮಿಲಿಆಂಪಿಯರ್ ಒಳಗೆ ಇರಬೇಕಾದದ್ದು 480 ತೋರಿಸಿತು. ದಿನಕ್ಕೆ ಹನ್ನೊಂದೂವರೆ ಆಂಪಿಯರ್-ಅವರ್. ನನ್ನದು 35ರ ಬ್ಯಾಟರಿ, ಮೂರು ದಿನಕ್ಕೆ ಖಾಲಿ.

ಒಂದೊಂದೇ ಫ್ಯೂಸ್ ಕಿತ್ತೆ. ಅಂಕಿ ಹೆಚ್ಚೇನೂ ಅಲ್ಲಾಡಲಿಲ್ಲ. ಎಲ್ಲ ಕಿತ್ತರೂ ಹೆಚ್ಚುಕಡಿಮೆ ಅದೇ 480. ಹಾಗಾದರೆ ಫ್ಯೂಸ್ ಡಬ್ಬಿ ದಾಟದೆ ನೇರ ಹೋಗುವ ದಾರಿಯೊಂದಿದೆ ಎಂದಾಯಿತು. ಡೈನಮೋದ ಡಯೋಡ್ ಸೋರಿದರೂ ಹೀಗೇ ಆಗುತ್ತದೆ. ಬ್ಯಾಟರಿ ಕಳಚಿಟ್ಟು, ಡೈನಮೋದ ದಪ್ಪ ವೈರ್ ಬಿಡಿಸಿ ಬೇರೆ ಕಡೆ ತಾಗದಂತೆ ಸುತ್ತಿ, ಮತ್ತೆ ಅಳೆದೆ. ಅದೇ ಅಂಕಿ. ಆಮೇಲೆ ಟಾರ್ಚ್ ಹಿಡಿದು ಬಗ್ಗಿ ನೋಡಿದರೆ ಪ್ಲಸ್ ಟರ್ಮಿನಲ್ಲಿನ ನಟ್ ಕೆಳಗೆ ಒಂದು ತೆಳ್ಳನೆ ಕೆಂಪು ವೈರ್ ಸಿಕ್ಕಿಸಿತ್ತು. ಟೇಪು ಬಿಸಿಲಿಗೆ ಅಂಟಂಟಾಗಿ ಧೂಳು ಹಿಡಿದಿತ್ತು. ಎಳೆದುಕೊಂಡು ಹೋದರೆ ಅದು ಹಿಂದಿನ ಸೀಟಿನ ಕೆಳಗಿನ ಆಂಪ್ಲಿಫೈಯರಿಗೆ ಮುಟ್ಟಿತು. ಹಿಂದೆ ಯಾರೋ ಹಾಡಿಗಾಗಿ ಹಾಕಿಸಿದ್ದು. ಕೀಲಿಯ ಜೊತೆ ಆನ್-ಆಫ್ ಆಗಬೇಕಾದ ಅದರ ಸಣ್ಣ ವೈರನ್ನೂ ಇದಕ್ಕೇ ಹೆಣೆದಿದ್ದರು. ಹಾಡಿಲ್ಲದಿದ್ದರೂ ಅದು ಹಗಲಿರುಳು ಎಚ್ಚರವಿತ್ತು. ಪೆಟ್ಟಿಗೆಗೆ ಕೈ ಇಟ್ಟರೆ ಉಗುರುಬೆಚ್ಚಗಿತ್ತು.

ಆ ಸಣ್ಣ ವೈರನ್ನು ಸ್ಟೀರಿಯೋದಿಂದ ಬರುವ ಅದರ ಜಾಗಕ್ಕೆ ಜೋಡಿಸಿ, ಕೆಂಪು ವೈರಿಗೆ ಬ್ಯಾಟರಿ ಹತ್ತಿರವೇ ಒಂದು ಫ್ಯೂಸ್ ಹಾಕಿಸಿದೆ. ಎಲ್ಲ ಫ್ಯೂಸ್ ಮರಳಿ ಕೂರಿಸಿ ಮೀಟರ್ ನೋಡಿದೆ. 18 ಮಿಲಿಆಂಪಿಯರ್. ಗಡಿಯಾರಕ್ಕೂ ಸ್ಟೀರಿಯೋದ ನೆನಪಿಗೂ ಅಷ್ಟು ಬೇಕು.