ಕಬ್ಬಿನ ಲೋಳೆಯೂ ಕಾಕಂಬಿಯೂ

ಕಡಿದ ಕಬ್ಬನ್ನು ಬಿಸಿಲಿನಲ್ಲಿ ಎರಡು ಮೂರು ದಿನ ಬಿಟ್ಟರೆ ಅದರ ರಸ ಲೋಳೆಯಾಗುವುದುಂಟು. ಶ್ರೀರಂಗಪಟ್ಟಣ, ಪಾಂಡವಪುರಗಳ ಆಲೆಮನೆಯವರು ಇದನ್ನು ಚೆನ್ನಾಗಿ ಬಲ್ಲರು. ಅಂತಹ ರಸದ ಬೆಲ್ಲ ಅಚ್ಚಿನಲ್ಲಿ ಗಟ್ಟಿಯಾಗಿ ನಿಲ್ಲದು. ಕಾರ್ಖಾನೆಯಲ್ಲಾದರೋ ರಸವನ್ನು ಸೋಸುವುದು ಕಷ್ಟ, ಸಕ್ಕರೆ ಹರಳುಗಟ್ಟುವುದು ನಿಧಾನ. ನಾಗಮಂಗಲದ ಹಳ್ಳಿಯಿಂದ ಹೊರಟ ಗಾಡಿ ಕಾರ್ಖಾನೆಯ ಬಾಗಿಲಲ್ಲಿ ಕಾಯ್ದಷ್ಟೂ ನಷ್ಟವೇ. ಈ ನಷ್ಟಕ್ಕೆ ಕಾರಣವಾದ ಲೋಳೆಯೇ ಬೇರೊಂದೆಡೆ ಬೆಲೆಯುಳ್ಳ ಸರಕೆಂದರೆ ಶ್ರೋತೃಗಳಿಗೆ ಆಶ್ಚರ್ಯವಾದೀತು.

ಲೋಳೆ ಸೂಕ್ಷ್ಮಜೀವಿಗಳ ಕೆಲಸವೆಂಬುದನ್ನು ಪಾಶ್ಚರ್ ಮಹಾಶಯನು 1861ರಲ್ಲಿಯೇ ತೋರಿಸಿದನು. ಸಕ್ಕರೆಯ ಒಂದೊಂದು ಅಣುವಿನಲ್ಲಿಯೂ ಗ್ಲೂಕೋಸ್, ಫ್ರಕ್ಟೋಸ್ ಎಂಬೆರಡು ಶರ್ಕರೆಗಳು ಜೊತೆಗೂಡಿವೆಯಷ್ಟೆ. ಲ್ಯೂಕೋನಾಸ್ಟಾಕ್ ಎಂಬ ಜೀವಿಯು ಆ ಜೊತೆಯನ್ನು ಬಿಡಿಸಿ, ಗ್ಲೂಕೋಸುಗಳನ್ನು ಮಣಿಗಳಂತೆ ಪೋಣಿಸುತ್ತದೆ. ಹೀಗಾದ ಉದ್ದನೆಯ ಸರವೇ ಡೆಕ್ಸ್ಟ್ರಾನ್. ಇಂತಹ ಸರಗಳಿಗೆ ಪಾಲಿಸ್ಯಾಕರೈಡ್ ಅಥವಾ ಬಹುಶರ್ಕರವೆಂದು ಹೆಸರು. 1940ರ ದಶಕದಲ್ಲಿ ಸ್ವೀಡನ್ನಿನ ಗ್ರೋನ್ವಾಲ್, ಇಂಗೆಲ್ಮನ್ ಎಂಬವರು, ಬಹಳ ರಕ್ತ ಕಳೆದುಕೊಂಡವರ ನಾಳಗಳಲ್ಲಿ ದ್ರವವನ್ನು ಕಾಯ್ದಿಡಲು ಡೆಕ್ಸ್ಟ್ರಾನ್ ತಕ್ಕುದೆಂದು ತೋರಿಸಿದರು. ಆಹಾರವನ್ನು ಮಂದಗೊಳಿಸುವ ಕ್ಸ್ಯಾಂಥಾನ್ ಎಂಬ ಗೋಂದು ಮತ್ತೊಂದು ಸೂಕ್ಷ್ಮಜೀವಿಯ ಕೊಡುಗೆ.

ಇವಕ್ಕೆ ಸಕ್ಕರೆಯೇ ಆಹಾರ. ಆದರೆ ಒಳ್ಳೆಯ ಸಕ್ಕರೆಯನ್ನೇ ಉಣಿಸುವುದು ದುಬಾರಿ. ಇಲ್ಲಿ ಕಾಕಂಬಿ ನೆರವಿಗೆ ಬರುತ್ತದೆ. ನೂರು ಮಣ ಕಬ್ಬಿಗೆ ಸುಮಾರು ನಾಲ್ಕು ಮಣ ಕಾಕಂಬಿ ಉಳಿಯುತ್ತದೆ. ಅದರಲ್ಲಿ ಹತ್ತಿರ ಹತ್ತಿರ ಅರ್ಧ ಭಾಗ, ಹರಳುಗಟ್ಟಲಾರದೆ ಉಳಿದ ಸಕ್ಕರೆ. 1933ರಲ್ಲಿ ಮಂಡ್ಯದಲ್ಲಿ ಸ್ಥಾಪಿತವಾದ ಮೈಸೂರು ಸಕ್ಕರೆ ಕಂಪನಿಯಿಂದ ಮೊದಲ್ಗೊಂಡು ಪಾಂಡವಪುರ, ಕೃಷ್ಣರಾಜಪೇಟೆಗಳವರೆಗೆ ಈ ಸೀಮೆಯಲ್ಲಿ ಬೆಳೆದ ಕೈಗಾರಿಕೆಯ ಉಪವಸ್ತುವಿದು. ಸಾಮಾನ್ಯವಾಗಿ ಇದು ಮದ್ಯಸಾರದ ಭಟ್ಟಿಗೆ ಸಲ್ಲುತ್ತದೆ.

ಗೋಂದಿಗಾದರೆ ಕ್ರಮ ಬೇರೆ. ಕಾಕಂಬಿಗೆ ನೀರು ಬೆರೆಸಿ, ಕಶ್ಮಲವನ್ನು ತೆಗೆದು, ಕಾಯಿಸಿ ಇತರ ಜೀವಿಗಳನ್ನು ಕೊಂದು, ಆರಿದ ಮೇಲೆ ಬೇಕಾದ ಜೀವಿಯನ್ನು ಮಾತ್ರ ಹೆಪ್ಪು ಹಾಕಬೇಕು. ಹುದುಗಿದ ದ್ರವಕ್ಕೆ ಮದ್ಯಸಾರವನ್ನು ಸುರಿದರೆ ಗೋಂದು ಬೇರ್ಪಡುತ್ತದೆ. ಆ ಮದ್ಯಸಾರವೂ ಕಾಕಂಬಿಯಿಂದಲೇ ದೊರೆಯುವಂಥದು!

ಆದರೆ ತೊಡಕುಗಳಿಲ್ಲದಿಲ್ಲ. ಕಾಕಂಬಿಯ ಬಣ್ಣ, ಲವಣಗಳು ಗೋಂದಿನೊಡನೆ ಬರುತ್ತವೆ. ಔಷಧಕ್ಕೆ ಬೇಕಾದಷ್ಟು ಶುದ್ಧಮಾಡುವುದು ವೆಚ್ಚದ ಕೆಲಸ. ಆದ್ದರಿಂದ ಅಷ್ಟು ಶುದ್ಧಿ ಬೇಡದ ಕೈಗಾರಿಕೆಗಳಿಗೆ ಮೊದಲು ಒದಗಿಸುವುದು ವಿವೇಕ. ಗಾಡಿಯಲ್ಲಿ ಹುಟ್ಟುವ ಲೋಳೆಗಾದರೋ ಮದ್ದು ಒಂದೇ: ಕಡಿದ ಕಬ್ಬನ್ನು ಒಂದು ದಿನದೊಳಗೆ ಅರೆಯುವುದು. ಸೂಕ್ಷ್ಮಜೀವಿ ತನ್ನ ಕೆಲಸವನ್ನು ಎಲ್ಲಿಯಾದರೂ ಮಾಡಿಯೇ ತೀರುತ್ತದೆ. ಅದು ಗಾಡಿಯಲ್ಲಾಗದೆ ಪಾತ್ರೆಯಲ್ಲಾಗುವಂತೆ ನೋಡಿಕೊಳ್ಳುವುದಷ್ಟೇ ನಮ್ಮ ಪಾಲಿನದು.